ಲಂಡನ್‌ನಲ್ಲಿ ಬ್ರಿಟಿಷ್ ಊಟ ಮತ್ತು ಹಳೆಯ ಜಾಗಗಳು: ಐದು ದಿನದ ಪ್ರವಾಸ ಜೋಡಿಸುವ ಸಮಗ್ರ ಮಾರ್ಗದರ್ಶಿ

ಲಂಡನ್‌ಗೆ ಹೋಗಿ ಬಂದವರನ್ನು ಊಟದ ಬಗ್ಗೆ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು. "ಅಲ್ಲಿಯ ಊಟ ತಿನ್ನಬೇಕು ಅಂತ ತುಂಬಾ ಆಸೆ ಇತ್ತು. ಹೊತ್ತಿಗೆ ಸಿಗಲೇ ಇಲ್ಲ. ಕೊನೆಗೆ ಬರ್ಗರ್ ತಿಂದು ಬಂದೆವು." ಟವರ್ ಆಫ್ ಲಂಡನ್ ಎಂಬ ಹಳೆಯ ಕೋಟೆ ನೋಡಿ ಹೊರಬರುವಷ್ಟರಲ್ಲಿ ಮೂರೂವರೆ, ಪಬ್‌ನ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿಗೆ ಹೋದರೆ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ. ಸೋಮವಾರ ತಿನಿಸಿನ ಸಂತೆಯಾದ ಬರೋ ಮಾರ್ಕೆಟ್‌ಗೆ ಹೋದರೆ ರಜೆ.

ನಾವು ಮೊದಲು ನೋಡುವ ಜಾಗಗಳ ಪಟ್ಟಿ ಬರೆಯುತ್ತೇವೆ. ಊಟ ನಡುವೆ ಎಲ್ಲಾದರೂ ಆಗುತ್ತದೆ ಎಂದುಕೊಳ್ಳುತ್ತೇವೆ. ತಪ್ಪು ಆಗುವುದು ಇಲ್ಲೇ. ಬೆಂಗಳೂರಿನಲ್ಲಿ ಇದು ನಡೆಯುತ್ತದೆ. ಯಾವ ಹೊತ್ತಿಗೆ ಹೋದರೂ ದರ್ಶಿನಿಯಲ್ಲಿ ಏನಾದರೊಂದು ಸಿಗುತ್ತದೆ. ಬ್ರಿಟಿಷ್ ಊಟಕ್ಕೆ ಹಾಗಲ್ಲ. ಅದಕ್ಕೆ ದಿನವೂ ಇದೆ, ಗಂಟೆಯೂ ಇದೆ. ಹಾಗಾಗಿ ಊಟವನ್ನು ಮೊದಲು ಗೊತ್ತುಮಾಡಿಕೊಂಡು, ಅದರ ಅಕ್ಕಪಕ್ಕದಲ್ಲಿ ಜಾಗಗಳನ್ನು ಕೂರಿಸಬೇಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

## ಕೈಯಲ್ಲಿ ಇರಬೇಕಾದದ್ದು

ಒಂದು ದೊಡ್ಡ ಹಾಳೆ. ಅಡ್ಡಕ್ಕೆ ವಾರದ ದಿನಗಳು, ಉದ್ದಕ್ಕೆ ಬೆಳಗ್ಗೆ 8ರಿಂದ ರಾತ್ರಿ 9ರವರೆಗೆ ಗಂಟೆಗಳು. ಫೋನಿನಲ್ಲಿ ಬರೆದರೆ ಇಡೀ ವಾರ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ, ಕಾಗದವೇ ಒಳ್ಳೆಯದು. ಫೋನಿನಲ್ಲಿ ಮ್ಯಾಪ್ ಇಳಿಸಿಕೊಂಡಿರಿ. ವಿದೇಶದಲ್ಲಿ ನಡೆಯುವ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಪ್ರತಿಯೊಬ್ಬರಿಗೂ ಒಂದೊಂದು ಬೇಕು. ಹಳೆಯದಾಗಿ ಕಾಲಿಗೆ ಒಗ್ಗಿದ ಶೂ, ಜೊತೆಗೆ ಮಳೆ ತಡೆಯುವ ತೆಳು ಜಾಕೆಟ್ ಇರಲಿ.

ವೀಸಾ ಕೈಗೆ ಬರುವ ಮೊದಲು ಹಣ ವಾಪಸ್ ಬಾರದ ಯಾವ ಟಿಕೆಟನ್ನೂ ಕೊಳ್ಳಬೇಡಿ.

## ಹಂತ 1: ಏನು ತಿನ್ನುವುದಿಲ್ಲ ಎಂದು ಮನೆಯಲ್ಲೇ ಬರೆದುಕೊಳ್ಳಿ

ಇದನ್ನು ಬಿಟ್ಟವರೇ ಅಲ್ಲಿ ಹೆಚ್ಚು ಕಷ್ಟಪಡುತ್ತಾರೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಮಾಂಸ ತಿನ್ನುವ ನಮ್ಮವರಲ್ಲೂ ಎಷ್ಟೋ ಜನ ದನದ ಮಾಂಸ ತಿನ್ನುವುದಿಲ್ಲ, ಕೆಲವರು ಹಂದಿ ತಿನ್ನುವುದಿಲ್ಲ, ಕೆಲವರಿಗೆ ಹಲಾಲ್ ಆಗಬೇಕು. ಸಸ್ಯಾಹಾರಿಗಳಲ್ಲಿ ಮೊಟ್ಟೆ ತಿನ್ನುವವರಿದ್ದಾರೆ, ತಿನ್ನದವರೂ ಇದ್ದಾರೆ. ಜೊತೆಗೆ ಬರುವ ಪ್ರತಿಯೊಬ್ಬರ ಹೆಸರಿನ ಮುಂದೆ ಇದನ್ನು ಬರೆಯಿರಿ.

ಆಮೇಲೆ ಹೆಸರುಗಳನ್ನು ಕಲಿಯಿರಿ. ಕಾಟೇಜ್ ಪೈ ಅಂದರೆ ದನದ ಮಾಂಸದ ಕೈಮಾ. ಶೆಫರ್ಡ್ಸ್ ಪೈ ಅಂದರೆ ಕುರಿಯ ಕೈಮಾ. ಎರಡರ ಮೇಲೂ ಆಲೂಗಡ್ಡೆ ಹಿಸುಕಿ ಹಾಕಿರುತ್ತಾರೆ, ನೋಡಲು ಒಂದೇ ಥರ. ಬರೀ ಮಿನ್ಸ್ ಎಂದು ಬರೆದಿದ್ದರೆ ಅದು ಹೆಚ್ಚಾಗಿ ದನದ್ದು. ಬ್ಯಾಂಗರ್ಸ್ ಅಂಡ್ ಮ್ಯಾಶ್‌ನಲ್ಲಿರುವ ಸಾಸೇಜ್ ಸಾಮಾನ್ಯವಾಗಿ ಹಂದಿಯದು. ಗ್ಯಾಮನ್ ಕೂಡ ಹಂದಿಯೇ.

ಪುಡ್ಡಿಂಗ್ ಎಂಬ ಪದ ಎಲ್ಲರನ್ನೂ ಗೊಂದಲಕ್ಕೆ ಹಾಕುತ್ತದೆ. ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ. ಅದು ಮೊಟ್ಟೆ, ಹಿಟ್ಟು, ಹಾಲು ಕಲಸಿ ಬೇಯಿಸಿ ಉಬ್ಬಿಸಿದ್ದು, ರೋಸ್ಟ್, ಅಂದರೆ ಬೆಂಕಿಯ ಕಾವಿನಲ್ಲಿ ಬೇಯಿಸಿದ ಮಾಂಸದ ಜೊತೆ ಬರುತ್ತದೆ. ಬ್ಲ್ಯಾಕ್ ಪುಡ್ಡಿಂಗ್ ಹಂದಿಯ ರಕ್ತದಿಂದ ಮಾಡಿದ ಸಾಸೇಜ್. ಸ್ಟೇಕ್ ಅಂಡ್ ಕಿಡ್ನಿ ಪುಡ್ಡಿಂಗ್ ಪೂರ್ತಿ ಮಾಂಸದ ಊಟ. ಊಟ ಮುಗಿದ ಮೇಲೆ "ಪುಡ್ಡಿಂಗ್ ಬೇಕಾ?" ಎಂದು ಕೇಳಿದರೆ ಮಾತ್ರ ಸಿಹಿ ಎಂದರ್ಥ.

ಕಣ್ಣಿಗೆ ಕಾಣದ ಕೊಬ್ಬಿನ ವಿಷಯ ಇದಕ್ಕಿಂತ ಮುಖ್ಯ. ಕೆಲವು ಅಂಗಡಿಗಳು ಮೀನನ್ನೂ ಆಲೂಗಡ್ಡೆ ಚಿಪ್ಸನ್ನೂ ಬೀಫ್ ಡ್ರಿಪಿಂಗ್‌ನಲ್ಲಿ ಕರಿಯುತ್ತವೆ. ಅದು ದನದ ಕೊಬ್ಬು. ರೋಸ್ಟ್ ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಹಬೆಯಲ್ಲಿ ಬೇಯಿಸಿದ ಹಳೇ ಕಾಲದ ಸಿಹಿ ಪುಡ್ಡಿಂಗ್‌ಗಳಿಗೆ ಸೂಯೆಟ್ ಹಾಕುತ್ತಾರೆ, ಅದು ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಟ್ರೈಫಲ್ ಎಂಬ ಸಿಹಿಯ ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ವೆಲ್ಷ್ ರೇರ್‌ಬಿಟ್ ಅಂದರೆ ಚೀಸ್ ಹಾಕಿದ ಟೋಸ್ಟ್. ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.

ಹೋಟೆಲಿನವರು ಅಲರ್ಜಿಯ ಪಟ್ಟಿ ಕೊಟ್ಟರೆ ಅದನ್ನೇ ನಂಬಿ ಕೂರಬೇಡಿ. ಆ ಪಟ್ಟಿಯಲ್ಲಿರುವುದು 14 ಪದಾರ್ಥಗಳು ಮಾತ್ರ. ಮೊಟ್ಟೆ, ಹಾಲು, ಮೀನು ಅದರಲ್ಲಿವೆ. ದನದ ಕೊಬ್ಬು, ಹಂದಿ ಕೊಬ್ಬು ಅದರಲ್ಲಿಲ್ಲ. ಬಾಯಿಬಿಟ್ಟು ಕೇಳಲೇಬೇಕು. "ಯಾವ ಎಣ್ಣೆಯಲ್ಲಿ ಕರಿಯುತ್ತೀರಿ? ಗ್ರೇವಿಯಲ್ಲಿ ಮಾಂಸದ ಸಾರು ಇದೆಯಾ?" ಈ ಎರಡು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಚೀಟಿ ಮೇಲೆ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಗದ್ದಲದಲ್ಲಿ ಚೀಟಿ ಕೆಲಸಕ್ಕೆ ಬರುತ್ತದೆ.

ಸಸ್ಯಾಹಾರಿಗಳು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಹಿಟ್ಟಿನೊಳಗೆ ಚೀಸ್, ಈರುಳ್ಳಿ ತುಂಬಿ ಬೇಯಿಸಿದ ಚೀಸ್ ಅಂಡ್ ಆನಿಯನ್ ಪ್ಯಾಸ್ಟಿ, ಹೂಕೋಸಿನ ಕಾಲಿಫ್ಲವರ್ ಚೀಸ್, ಸಿಪ್ಪೆ ಸಮೇತ ಸುಟ್ಟ ಜಾಕೆಟ್ ಪೊಟ್ಯಾಟೊ, ಬ್ರೆಡ್ಡು ಚೀಸು ಉಪ್ಪಿನಕಾಯಿಯ ಪ್ಲೌಮನ್ಸ್ ಲಂಚ್, ಸೇಬಿನ ಕ್ರಂಬಲ್ ಎಂಬ ಸಿಹಿ, ಸ್ಕೋನ್ ಎಂಬ ಸಣ್ಣ ಬನ್ನಿನ ಜೊತೆ ಗಟ್ಟಿ ಕೆನೆಯ ಕ್ಲಾಟೆಡ್ ಕ್ರೀಮ್, ಇವೆಲ್ಲ ಅಲ್ಲಿಯದೇ ಊಟ. ಚೀಸ್ ವಿಷಯದಲ್ಲಿ ಕಟ್ಟುನಿಟ್ಟಿದ್ದರೆ ಸಸ್ಯಾಹಾರಿ ಎಂಬ ಗುರುತು ನೋಡಿ ತೆಗೆದುಕೊಳ್ಳಿ, ಯಾಕೆಂದರೆ ಕೆಲವು ಚೀಸ್‌ಗಳಿಗೆ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುತ್ತಾರೆ.

## ಹಂತ 2: ಊಟಗಳನ್ನು ಹಾಳೆಯ ಮೇಲೆ ಕೂರಿಸಿ

ಐದು ದಿನಕ್ಕೆ ಐದೇ ದೊಡ್ಡ ಊಟ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಹೊಟ್ಟೆ ತಡೆಯುವುದಿಲ್ಲ, ಕಾಲೂ ಓಡುವುದಿಲ್ಲ.

ಮೊದಲು ಭಾನುವಾರದ ಚೌಕದಲ್ಲಿ ಸಂಡೆ ರೋಸ್ಟ್ ಬರೆಯಿರಿ, ಮಧ್ಯಾಹ್ನ 1 ಗಂಟೆಗೆ. ರೋಸ್ಟ್ ಮಾಂಸ, ಆಲೂಗಡ್ಡೆ, ತರಕಾರಿ, ಗ್ರೇವಿ ಇರುವ ಭಾನುವಾರದ ಊಟ ಅದು. ಅದನ್ನು ಬೇರೆ ದಿನಕ್ಕೆ ತಳ್ಳಲು ಆಗುವುದಿಲ್ಲ. ಒಳ್ಳೆಯ ಪಬ್‌ಗಳು 12ಕ್ಕೆ ಬಡಿಸಲು ಶುರು ಮಾಡಿ, ಖಾಲಿಯಾಗುವವರೆಗೆ ಮಾತ್ರ ಕೊಡುತ್ತವೆ. ಮೊದಲ ಸಲ ನಾನು ಅಮ್ಮನನ್ನು ಕರೆದುಕೊಂಡು ಸಂಜೆ ನಾಲ್ಕೂವರೆಗೆ ಹೋಗಿದ್ದೆ. ಉಳಿದಿದ್ದದ್ದು ಬರೀ ಕ್ಯಾರೆಟ್ ಮತ್ತು ಗ್ರೇವಿ. ಅಮ್ಮ ಏನೂ ಅನ್ನಲಿಲ್ಲ. ಆದರೆ ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಉಳಿದವು. ಪೈ ಅಂಡ್ ಮ್ಯಾಶ್, ಅಂದರೆ ಮಾಂಸ ತುಂಬಿದ ಪೈ ಮತ್ತು ಹಿಸುಕಿದ ಆಲೂಗಡ್ಡೆ, ಮಧ್ಯಾಹ್ನದ ಊಟ. ಹಳೆಯ ಅಂಗಡಿಗಳಲ್ಲಿ ಕೆಲವು ಮೂರು ಗಂಟೆಯ ಮೊದಲೇ ಬಾಗಿಲು ಹಾಕುತ್ತವೆ. ಪಬ್ ಊಟಕ್ಕೆ 12ರಿಂದ 3, ಸಂಜೆ 6ರಿಂದ 9 ಎಂದು ಲೆಕ್ಕ ಇಟ್ಟುಕೊಳ್ಳಿ. ಪಬ್ ತೆರೆದಿದ್ದ ಮಾತ್ರಕ್ಕೆ ಅಡುಗೆಮನೆ ತೆರೆದಿರಬೇಕೆಂದಿಲ್ಲ. ಆಫ್ಟರ್‌ನೂನ್ ಟೀ ಅನ್ನು ಮಧ್ಯಾಹ್ನದ ಊಟದ ಬದಲಿಗೆ ಇಡಿ, ಊಟದ ಜೊತೆಗೆ ಬೇಡ. ಚಿಕ್ಕ ಸ್ಯಾಂಡ್‌ವಿಚ್, ಸ್ಕೋನ್, ಕೇಕ್ ಎಲ್ಲ ಸೇರಿದರೆ ಒಂದು ಪೂರ್ತಿ ಊಟವೇ. ಹೈ ಟೀ ಎಂದು ಕೇಳಬೇಡಿ. ಮೊದಲಿನಿಂದಲೂ ಹೈ ಟೀ ಅಂದರೆ ದುಡಿಯುವವರ ಸಂಜೆಯ ಊಟ. ಕ್ರೀಮ್ ಟೀ ಅಂದರೆ ಸ್ಕೋನ್, ಕ್ರೀಮ್, ಜಾಮ್, ಟೀ ಇಷ್ಟೇ. ದುಡ್ಡು ಉಳಿಸಬೇಕೆಂದರೆ ಇದೇ ಸಾಕು.

ಮೊದಲ ಎರಡು ದಿನ ರಾತ್ರಿ ಊಟಕ್ಕೆ ಎಲ್ಲೂ ಬುಕ್ ಮಾಡಬೇಡಿ. ಅಲ್ಲಿ ರಾತ್ರಿ 8 ಗಂಟೆ ಅಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯರಾತ್ರಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ತಟ್ಟೆ ಮುಂದೆ ಕೂತೇ ನಿದ್ದೆ ಬರುತ್ತದೆ. ಅದೇ ಲೆಕ್ಕದಲ್ಲಿ ಬೆಳಗ್ಗೆ ಬೇಗ ಎಚ್ಚರವಾಗುತ್ತದೆ. ಅದನ್ನು ಮುಂದೆ ಬಳಸಿಕೊಳ್ಳೋಣ.

## ಹಂತ 3: ಮುಚ್ಚಿರುವ ದಿನಗಳಿಗೆ ಕೆಂಪು ಗೀಟು ಹಾಕಿ

ಜಾಗಗಳನ್ನು ಬರೆಯುವ ಮೊದಲು, ಎಲ್ಲಿ ಯಾವಾಗ ಹೋಗಬಾರದು ಎಂದು ಗುರುತು ಮಾಡಿ.

ವೆಸ್ಟ್‌ಮಿನ್‌ಸ್ಟರ್ ಅಬೆ ಮತ್ತು ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಭಾನುವಾರ ಪ್ರಾರ್ಥನೆಗೆ ಮಾತ್ರ. ಬರೋ ಮಾರ್ಕೆಟ್‌ಗೆ ಸೋಮವಾರ ರಜೆ. ಶನಿವಾರ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸೇಂಟ್ ಪಾಲ್ಸ್ ಸುತ್ತಲಿನ ಹಳೆಯ ಸಿಟಿ ಭಾಗದಲ್ಲಿ ಶನಿವಾರ, ಭಾನುವಾರ ಎಷ್ಟೋ ಪಬ್‌ಗಳು ತೆರೆಯುವುದಿಲ್ಲ, ಯಾಕೆಂದರೆ ಅವು ಆಫೀಸಿನವರನ್ನು ನಂಬಿಕೊಂಡಿವೆ. ಡಿಸೆಂಬರ್ 25ರಂದು ಬಸ್ಸೂ ಇಲ್ಲ, ಟ್ಯೂಬ್ ಎಂಬ ನೆಲದಡಿಯ ರೈಲೂ ಇಲ್ಲ.

ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ಬೆಳಗಿನ ಒಳ್ಳೆಯ ಹೊತ್ತನ್ನೆಲ್ಲ ನುಂಗಿಹಾಕುತ್ತದೆ. ಅದರ ನಂತರ ಊಟವೂ ತಡವಾಗುತ್ತದೆ. ನನ್ನನ್ನು ಕೇಳಿದರೆ ಐದು ದಿನದ ಪ್ರವಾಸದಲ್ಲಿ ಅದನ್ನು ಬಿಡಿ.

## ಹಂತ 4: ಊಟದಿಂದ ನಡೆದು ಹೋಗುವಷ್ಟು ದೂರದ ಜಾಗ ಆರಿಸಿ

ನಿಯಮ ಸರಳ. ಬೆಳಗ್ಗೆ ತೆರೆಯುತ್ತಿದ್ದಂತೆ ಒಂದು ದೊಡ್ಡ ಜಾಗ, ಅಲ್ಲಿಂದ ಹತ್ತಿರದಲ್ಲೇ ಊಟ, ಮಧ್ಯಾಹ್ನ ಅವಸರವಿಲ್ಲದ ಒಂದು ಜಾಗ. ಬುಧವಾರ ಬಂದು ಇಳಿದವರಿಗೆ ಗುರುವಾರದಿಂದ ಸೋಮವಾರದವರೆಗೆ ಹೀಗೆ ಜೋಡಿಸಬಹುದು.

ಗುರುವಾರ. ಟವರ್ ಆಫ್ ಲಂಡನ್. ನಿದ್ದೆ ಬೇಗ ಬಿಡುವ ದಿನ ಇದು, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಒಳಗೆ ಹೋದವರೇ ಸೀದಾ ರಾಜಕಿರೀಟಗಳ ಕೋಣೆಗೆ ನಡೆಯಿರಿ. ಕೊಹಿನೂರ್ ಇರುವುದು ಇಲ್ಲೇ. ಹನ್ನೊಂದರ ನಂತರ ಈ ಸಾಲು ಬೆಳೆಯುತ್ತಾ ಹೋಗುತ್ತದೆ. ಅದಾದ ಮೇಲೆ ಕೆಂಪು ಗೀಟಿನ ಉಡುಪಿನ ಬೀಫ್‌ಈಟರ್ ಕಾವಲುಗಾರರು ನಡೆಸುವ ಸುತ್ತಾಟಕ್ಕೆ ಸೇರಿಕೊಳ್ಳಿ. ಟಿಕೆಟ್‌ನಲ್ಲೇ ಅದು ಸೇರಿದೆ. ಹನ್ನೆರಡೂವರೆಗೆ ಹೊರಬಿದ್ದು, 1894ರಲ್ಲಿ ತೆರೆದ ಟವರ್ ಬ್ರಿಡ್ಜ್ ದಾಟಿ, ನದಿಯ ದಕ್ಷಿಣ ದಡದಲ್ಲಿ 20 ನಿಮಿಷ ನಡೆದರೆ ಬರೋ ಮಾರ್ಕೆಟ್. ಇಲ್ಲಿ ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಪೂರ್ತಿ ಒಂದು ಸುತ್ತು ಹಾಕಿ ಆಮೇಲೆ ಕೊಳ್ಳಿ. ಪಕ್ಕದ ರಸ್ತೆಯಲ್ಲೇ ಜಾರ್ಜ್ ಇನ್ ಇದೆ. 1677ರ ಕಟ್ಟಡ. ಕುದುರೆಗಾಡಿಗಳು ತಂಗುತ್ತಿದ್ದ, ಮರದ ಮೊಗಸಾಲೆಗಳಿರುವ ಇಂಥ ಛತ್ರ ಲಂಡನ್‌ನಲ್ಲಿ ಉಳಿದಿರುವುದು ಇದೊಂದೇ.

ಶುಕ್ರವಾರ. ಬೆಳಗ್ಗೆ ವೆಸ್ಟ್‌ಮಿನ್‌ಸ್ಟರ್ ಅಬೆ, ಎರಡು ಗಂಟೆ. 1066ರಿಂದ ಇಂಗ್ಲೆಂಡಿನ ರಾಜರ ಪಟ್ಟಾಭಿಷೇಕ ನಡೆಯುವುದು ಇಲ್ಲಿ, ನ್ಯೂಟನ್ ಮತ್ತು ಡಾರ್ವಿನ್ ಸಮಾಧಿ ಇರುವುದೂ ಇಲ್ಲೇ. ಹೊರಬಂದು ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಎದುರಿಗೆ ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ಸೇತುವೆ ದಾಟುವಷ್ಟು ದೂರದಲ್ಲಿರುವುದನ್ನು ತಪ್ಪಿಸಿಕೊಂಡು ಬರುವವರೇ ಜಾಸ್ತಿ, ಕಾಲು ಗಂಟೆ ಕೊಡಿ. ಅಲ್ಲಿಂದ ಬಸ್ಸಿನಲ್ಲಿ ಕೋವೆಂಟ್ ಗಾರ್ಡನ್ ಕಡೆ ಬಂದು ಫಿಶ್ ಅಂಡ್ ಚಿಪ್ಸ್. ಕಾಡ್ ಅಥವಾ ಹ್ಯಾಡಕ್ ಮೀನು, ಪಕ್ಕಕ್ಕೆ ಬಟಾಣಿ ಹಿಸುಕಿದ ಮಶಿ ಪೀಸ್. ಹತ್ತು ನಿಮಿಷ ನಡೆದರೆ ಬ್ರಿಟಿಷ್ ಮ್ಯೂಸಿಯಂ. ಶುಕ್ರವಾರ ರಾತ್ರಿ ಎಂಟೂವರೆವರೆಗೂ ತೆರೆದಿರುತ್ತದೆ, ಪ್ರವೇಶ ಉಚಿತ. ಈ ದಿನವನ್ನು ಶುಕ್ರವಾರಕ್ಕೇ ಇಡಲು ಅದೇ ಕಾರಣ.

ಶನಿವಾರ. ಗ್ರೀನಿಚ್‌ಗೆ ದೋಣಿಯಲ್ಲಿ ಹೋಗಿ. ಮೊದಲು ಗುಡ್ಡ ಹತ್ತಿ 1675ರಲ್ಲಿ ಸ್ಥಾಪಿಸಿದ ವೀಕ್ಷಣಾಲಯ, ಸೊನ್ನೆ ರೇಖಾಂಶದ ಗೆರೆ ನೋಡಿ ಇಳಿಯಿರಿ. ಪೈ ತಿಂದು ಗುಡ್ಡ ಹತ್ತುವುದು ಬೇಡ. ಹನ್ನೆರಡರ ಒಳಗೆ 1890ರಲ್ಲಿ ಶುರುವಾದ ಗಾಡರ್ಡ್ಸ್ ಅಂಗಡಿಯಲ್ಲಿ ಪೈ ಅಂಡ್ ಮ್ಯಾಶ್. ಮಾಮೂಲಿ ಪೈ ದನದ ಕೈಮಾದ್ದು, ಸಸ್ಯಾಹಾರಿ ಪೈ ಕೂಡ ಮಾಡುತ್ತಾರೆ. ಮೇಲೆ ಹಾಕುವ ಹಸಿರು ಸಾಸ್‌ಗೆ ಲಿಕರ್ ಎನ್ನುತ್ತಾರೆ. ಅದರಲ್ಲಿ ಮದ್ಯ ಇರುವುದಿಲ್ಲ, ಪಾರ್ಸ್ಲಿ ಸೊಪ್ಪಿನ ಸಾರು ಅದು. ಹಿಂದೆ ಹಾವುಮೀನು ಬೇಯಿಸಿದ ನೀರಿನಲ್ಲಿ ಮಾಡುತ್ತಿದ್ದರು, ಹಾಗಾಗಿ ಸಸ್ಯಾಹಾರಿಗಳು ಕೇಳಿಯೇ ಹಾಕಿಸಿಕೊಳ್ಳಿ. ಮೇಲೆ ಖಾರದ ವಿನೆಗರ್ ಸುರಿದುಕೊಳ್ಳಿ, ನಮ್ಮ ನಾಲಿಗೆಗೆ ಅದೇ ಸರಿ. ಊಟದ ನಂತರ ಕಟಿ ಸಾರ್ಕ್ ಹಡಗು.

ಭಾನುವಾರ. ನನಗೆ ಐದರಲ್ಲಿ ಇದೇ ಹೆಚ್ಚು ಇಷ್ಟ. ವಾಟರ್‌ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 35 ನಿಮಿಷ, ಹ್ಯಾಂಪ್ಟನ್ ಕೋರ್ಟ್ ಅರಮನೆ. ರಾಜ ಎಂಟನೇ ಹೆನ್ರಿಯ ಅಡುಗೆಮನೆಗಳು ಇಲ್ಲಿ ಹಾಗೇ ಇವೆ. ನೂರಾರು ಜನರಿಗೆ ದಿನಕ್ಕೆ ಎರಡು ಹೊತ್ತು ಇಲ್ಲಿಂದಲೇ ಊಟ ಹೋಗುತ್ತಿತ್ತು. ಆಳೆತ್ತರದ ಒಲೆಯ ಮುಂದೆ, ಉದ್ದನೆಯ ಕಬ್ಬಿಣದ ಸಲಾಕೆಗೆ ಚುಚ್ಚಿದ ಮಾಂಸವನ್ನು ತಿರುಗಿಸುತ್ತಾ ನಿಲ್ಲುವುದೇ ಕೆಲವರ ಕೆಲಸ. ರೋಸ್ಟ್ ಎಂಬ ಅಡುಗೆಯ ನಿಜವಾದ ರೂಪ ಅದು. ಅದನ್ನು ನೋಡಿ ಬಂದು, ಹತ್ತಿರದ ಪಬ್‌ನಲ್ಲಿ 1 ಗಂಟೆಗೆ ರೋಸ್ಟ್ ಮುಂದೆ ಕೂತರೆ ತಟ್ಟೆಯಲ್ಲಿ ಏನಿದೆ ಎಂದು ಚೆನ್ನಾಗಿ ಅರ್ಥವಾಗುತ್ತದೆ. ಸಸ್ಯಾಹಾರಿಗಳಿಗೆ ಬೀಜಗಳಿಂದ ಮಾಡಿದ ನಟ್ ರೋಸ್ಟ್ ಸಿಗುತ್ತದೆ. ಅದರ ಆಲೂಗಡ್ಡೆ, ಗ್ರೇವಿ ಬೇರೆ ಮಾಡುತ್ತಾರಾ ಎಂದು ಬುಕ್ ಮಾಡುವಾಗಲೇ ಕೇಳಿ. ವಾರದ ಕೊನೆಯಲ್ಲಿ ಹಳಿ ದುರಸ್ತಿ ಇರಬಹುದು, ಹಿಂದಿನ ರಾತ್ರಿ ರೈಲಿನ ಸಮಯ ನೋಡಿಕೊಳ್ಳಿ.

ಸೋಮವಾರ. ಬೆಳಗ್ಗೆ ಸೇಂಟ್ ಪಾಲ್ಸ್. 1666ರ ದೊಡ್ಡ ಬೆಂಕಿಯಲ್ಲಿ ಹಳೆಯದು ಸುಟ್ಟುಹೋದ ಮೇಲೆ ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್ ಕಟ್ಟಿಸಿದ್ದು. ತುದಿಯವರೆಗೆ 528 ಮೆಟ್ಟಿಲು. ಆ ಬೆಂಕಿ ಹುಟ್ಟಿದ್ದು ಪುಡ್ಡಿಂಗ್ ಲೇನ್‌ನ ಒಂದು ಬೇಕರಿಯಲ್ಲಿ. ಮಧ್ಯಾಹ್ನಕ್ಕೆ ಎರಡರಲ್ಲಿ ಒಂದನ್ನು ಆರಿಸಿ. ಹತ್ತು ನಿಮಿಷ ನಡೆದು ಫ್ಲೀಟ್ ಸ್ಟ್ರೀಟ್‌ನಲ್ಲಿ 1667ರಲ್ಲಿ ಮತ್ತೆ ಕಟ್ಟಿದ ಯೀ ಓಲ್ಡ್ ಚೆಶೈರ್ ಚೀಸ್ ಪಬ್, ಇಲ್ಲವೇ ಎಲ್ಲಾದರೂ ಆಫ್ಟರ್‌ನೂನ್ ಟೀ.

## ಹಂತ 5: ಬುಕಿಂಗ್ ಮಾಡುವ ಕ್ರಮ

ಮೊದಲು ಭಾನುವಾರದ ರೋಸ್ಟ್. ಎರಡು ಮೂರು ವಾರ ಮುಂಚೆಯೇ ಮಾಡಿ, ಎಲ್ಲರ ಪಥ್ಯವನ್ನೂ ಅಲ್ಲೇ ಬರೆಯಿರಿ. ಎರಡನೆಯದು ಆಫ್ಟರ್‌ನೂನ್ ಟೀ, ಬೇಕಿದ್ದರೆ. ಮೂರನೆಯದು ಟವರ್ ಮತ್ತು ಅಬೆ ಟಿಕೆಟ್. ನಾಲ್ಕನೆಯದು ಹ್ಯಾಂಪ್ಟನ್ ಕೋರ್ಟ್, ಸೇಂಟ್ ಪಾಲ್ಸ್. ಬ್ರಿಟಿಷ್ ಮ್ಯೂಸಿಯಂಗೆ ಉಚಿತ ಟಿಕೆಟನ್ನೂ ಮೊದಲೇ ತೆಗೆದಿಟ್ಟರೆ ಸಾಲು ಕಡಿಮೆ. ಫಿಶ್ ಅಂಡ್ ಚಿಪ್ಸ್‌ಗೂ ಮಾರ್ಕೆಟ್‌ಗೂ ಬುಕಿಂಗ್ ಬೇಡ.

ಪ್ರತಿ ಜಾಗದ ಸಮಯವನ್ನು ಹೊರಡುವ ಹಿಂದಿನ ವಾರ ಅದರದೇ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ. ಅಬೆ ಏನಾದರೂ ಸಮಾರಂಭ ಇದ್ದರೆ ಇದ್ದಕ್ಕಿದ್ದಂತೆ ಮುಚ್ಚುತ್ತದೆ.

## ಹಂತ 6: ಅಲ್ಲಿ ಹೋದ ಮೇಲೆ

ಪಬ್‌ನಲ್ಲಿ ಮೇಜು ಹಿಡಿದು ಸುಮ್ನೆ ಕೂತರೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಮೇಜಿನ ನಂಬರ್ ನೋಡಿಕೊಂಡು ಬಾರ್ ಹತ್ತಿರ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಟ್ಟು ಬನ್ನಿ. ಮದ್ಯ ಕುಡಿಯಲೇಬೇಕೆಂದಿಲ್ಲ. ನಲ್ಲಿ ನೀರು ಕೇಳಿದರೆ ಉಚಿತವಾಗಿ ಕೊಡಬೇಕೆಂದು ಕಾನೂನಿದೆ. ಮಕ್ಕಳಿದ್ದರೆ ಒಳಗೆ ಬಿಡುತ್ತಾರಾ ಎಂದು ಬಾಗಿಲಲ್ಲೇ ಕೇಳಿ. ರೆಸ್ಟೋರೆಂಟ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್, ಹೆಚ್ಚಾಗಿ 12.5 ಶೇಕಡಾ, ಮೊದಲೇ ಸೇರಿಸಿರುತ್ತಾರೆ. ಅದರ ಮೇಲೆ ಮತ್ತೆ ಟಿಪ್ಸ್ ಬೇಡ.

ಊಟ ಸಪ್ಪೆ ಎನ್ನುವ ಮೊದಲು ಮೇಜಿನ ಮೇಲಿರುವುದನ್ನು ನೋಡಿ. ಅಲ್ಲಿ ಕೊನೆಯ ರುಚಿ ಹಾಕಿಕೊಳ್ಳುವುದು ತಿನ್ನುವವರ ಕೆಲಸ. ಚಿಪ್ಸ್‌ಗೆ ಉಪ್ಪು, ವಿನೆಗರ್. ಕುರಿಗೆ ಪುದೀನ ಸಾಸ್. ಹಂದಿಗೆ ಸೇಬಿನ ಸಾಸ್. ದನದ ಮಾಂಸಕ್ಕೆ ಖಾರದ ಬೇರಿನ ಸಾಸ್ ಆದ ಹಾರ್ಸ್‌ರ‍್ಯಾಡಿಷ್. ಬೆಳಗಿನ ತಿಂಡಿಗೆ ಬ್ರೌನ್ ಸಾಸ್. ಇಂಗ್ಲಿಷ್ ಸಾಸಿವೆ ಮೂಗಿಗೆ ಏರುವಷ್ಟು ಖಾರ, ಸ್ವಲ್ಪವೇ ಹಾಕಿ.

ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಹತ್ತುವಾಗ ಕಾರ್ಡ್ ಮುಟ್ಟಿಸಿ, ಇಳಿಯುವಾಗ ಬೇಡ. ಟ್ಯೂಬ್‌ನಲ್ಲಿ ಎರಡೂ ಸಲ ಮುಟ್ಟಿಸಬೇಕು. ಒಮ್ಮೆ ಕಾರ್ಡ್, ಇನ್ನೊಮ್ಮೆ ಫೋನ್ ಎಂದು ಬದಲಾಯಿಸಬೇಡಿ. ಎರಡನ್ನೂ ಬೇರೆ ಬೇರೆ ಪ್ರಯಾಣಿಕರೆಂದು ಲೆಕ್ಕ ಹಾಕುತ್ತದೆ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ದುಡ್ಡು ಹಿಡಿಯುವುದಿಲ್ಲ ಎಂಬ ಮಿತಿಯ ಲಾಭ ಸಿಗುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ಬಾಗಿಲಲ್ಲಿ ನಿಂತು ಕರೆಯುವವರಿದ್ದರೆ ಮುಂದೆ ನಡೆಯಿರಿ. ರೋಸ್ಟ್, ಪಿಜ್ಜಾ, ಪಾಸ್ತಾ, ಕರಿ ಎಲ್ಲ ಒಂದೇ ಮೆನುವಿನಲ್ಲಿದ್ದರೆ ಯಾವುದೂ ಅಲ್ಲಿ ಮಾಡಿದ್ದಲ್ಲ. ಮಂಗಳವಾರ ಬೆಳಗ್ಗೆ 11ಕ್ಕೇ ಸಂಡೆ ರೋಸ್ಟ್ ಕೊಡುತ್ತೇವೆ ಎಂದರೆ ಅದು ಮತ್ತೆ ಬಿಸಿ ಮಾಡಿದ್ದು. ಮೀನಂಗಡಿಯ ಹೊರಗೇ ಕಮಟು ಎಣ್ಣೆ ವಾಸನೆ ಬಂದರೆ ಒಳಗೆ ಹೋಗಬೇಡಿ. ಕರಿದ ಮೀನು ಗಾಜಿನ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿದ್ದರೂ ಅಷ್ಟೇ, ಆಗಲೇ ಕರಿದು ಕೊಡುವ ಜಾಗ ಹುಡುಕಿ. ಕಪ್ಪು ಹಲಗೆ ಮೇಲೆ ಅವತ್ತಿನ ಐದಾರು ತಿಂಡಿ ಬರೆದಿದ್ದು, ಮಧ್ಯಾಹ್ನ ಹನ್ನೆರಡೂವರೆಗೆ ಆಫೀಸಿನವರು ತುಂಬಿದ್ದರೆ ಧೈರ್ಯವಾಗಿ ಹೋಗಿ.

## ಒಂದು ಊಟ ತಪ್ಪಿಹೋದರೆ

ಅದನ್ನು ಹುಡುಕಿಕೊಂಡು ಊರೆಲ್ಲ ಅಲೆಯಬೇಡಿ, ಸಂಜೆಯ ಜಾಗವೂ ಕೈತಪ್ಪುತ್ತದೆ. ದೊಡ್ಡ ರೈಲು ನಿಲ್ದಾಣಗಳಲ್ಲಿ ಪ್ಯಾಸ್ಟಿ ಬಿಸಿಯಾಗಿ ಸಿಗುತ್ತದೆ. ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಷ್ಟೋ ಸಣ್ಣ ಕೆಫೆಗಳಲ್ಲಿ ಮಧ್ಯಾಹ್ನದವರೆಗೂ ಇರುತ್ತದೆ. ಮೊಟ್ಟೆ, ಬೀನ್ಸ್, ಅಣಬೆ, ಟೊಮ್ಯಾಟೊ, ಟೋಸ್ಟ್ ಮಾತ್ರ ಕೊಡಿ ಎಂದರೆ ಮಾಂಸವಿಲ್ಲದೆಯೂ ಕೊಡುತ್ತಾರೆ. ಮೀನು ತಪ್ಪಿದರೆ ಮರುದಿನ ತಿನ್ನಬಹುದು, ಪೈ ಕೂಡ. ರೋಸ್ಟ್ ತಪ್ಪಿದರೆ ಮಾತ್ರ ಮುಂದಿನ ಭಾನುವಾರಕ್ಕೆ ನೀವು ಅಲ್ಲಿರುವುದಿಲ್ಲ. ಹಾಳೆ ತೆಗೆದ ಕೂಡಲೇ ಆ ಒಂದು ಚೌಕವನ್ನು ತುಂಬಿಬಿಡಿ.